ರಾತ್ರಿಯಲ್ಲಿ ಜೋಮುಗಟ್ಟುವ ಕೈ

ತಂಬಾಕಿನ ಪೇಟೆಯಾದ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರಿಂದಲೂ, ಅಥಣಿಯ ಕಡೆಗೆ ಚಪ್ಪಲಿಗಳಿಗೆ ತೊಗಲಿನ ಹೆಣಿಕೆ ಹಾಕುವ ಸಹೋದರಿಯರಿಂದಲೂ ಒಂದು ದೂರು ಕೇಳಿಬರುವುದುಂಟು. ನಡುರಾತ್ರಿಯಲ್ಲಿ ಬೆರಳುಗಳು ಜೋಮುಗಟ್ಟಿ ಎಚ್ಚರವಾಗುತ್ತದೆ; ಕೈ ಝಾಡಿಸಿದರೆ ತುಸು ಸಮಾಧಾನ. ಇದನ್ನು ವಾಯುವೆಂದು ತಿಳಿದು ಎಣ್ಣೆ ತಿಕ್ಕುತ್ತ ವರ್ಷಗಳನ್ನು ಕಳೆಯುವವರುಂಟು. ಶಸ್ತ್ರಕ್ರಿಯೆಗೆ ಅಂಜಿ ವೈದ್ಯರ ಕಡೆಗೆ ಹೋಗದವರೂ ಉಂಟು. ಆದರೆ ಬೇಗನೆ ಹೋದವರಿಗೇ ಶಸ್ತ್ರಕ್ರಿಯೆಯಿಲ್ಲದ ಉಪಚಾರವು ಹೆಚ್ಚಾಗಿ ಫಲಿಸುವದೆಂಬುದನ್ನು ಪಾಲಕರೂ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ತಿಳಿದಿರತಕ್ಕದ್ದು.

ಮಣಿಕಟ್ಟಿನ ಒಳಮೈಯಲ್ಲಿ ಎಲುಬುಗಳ ಮತ್ತು ಒಂದು ಬಿಗಿಯಾದ ಪಟ್ಟಿಯ ನಡುವೆ ಇಕ್ಕಟ್ಟಾದ ದಾರಿಯಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೊಡನೆ ಒಂದು ನರವೂ ಅದರೊಳಗಿಂದ ಹಾಯುತ್ತದೆ. ಅಲ್ಲಿ ಒತ್ತಡ ಹೆಚ್ಚಿ ನರವು ಅಮುಕಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಭಾಗ ಮರಗಟ್ಟುವವು. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್. ಕಿರುಬೆರಳೇ ಮರಗಟ್ಟಿದರೆ, ಇಲ್ಲವೆ ಚರ್ಮದ ಮೇಲೆ ಸ್ಪರ್ಶವಿಲ್ಲದ ಬಿಳಚು ಮಚ್ಚೆ ಕಂಡರೆ, ಕುಷ್ಠವೇ ಮೊದಲಾದ ಬೇರೆ ಕಾರಣಗಳನ್ನು ವೈದ್ಯರು ಪರೀಕ್ಷಿಸಬೇಕು. ಸಿಹಿಮೂತ್ರ, ಥೈರಾಯಿಡ್ ಕೊರತೆ ಇದ್ದವರಲ್ಲಿ ಈ ವ್ಯಾಧಿ ಹೆಚ್ಚು. ಗರ್ಭಿಣಿಯರಲ್ಲಿ ಕಂಡದ್ದು ಬಹುಮಟ್ಟಿಗೆ ಹೆರಿಗೆಯ ತರುವಾಯ ಇಳಿಯುತ್ತದೆ.

"ಕೈಗೆ ವಿಶ್ರಾಂತಿ ಕೊಡಿರಿ" ಎಂದು ಹೇಳುವುದು ಸುಲಭ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವವಳಿಗೆ ಅದು ಹೊಟ್ಟೆಯ ಪ್ರಶ್ನೆ. ಆದುದರಿಂದಲೇ ಹಗಲಿನ ದುಡಿಮೆಯನ್ನು ಕಸಿಯದ ಉಪಾಯವನ್ನು ನಾನು ಮೊದಲು ಹೇಳುವೆನು. ಮಲಗಿದಾಗ ನಾವು ಅರಿವಿಲ್ಲದೆ ಮಣಿಕಟ್ಟನ್ನು ಮಡಿಸುತ್ತೇವೆ. ಮೇಲಕ್ಕಾಗಲಿ ಕೆಳಕ್ಕಾಗಲಿ ಮಡಿಸಿದಾಗ ಒಳಗಿನ ಒತ್ತಡ ಏರುತ್ತದೆ. ಮಣಿಕಟ್ಟನ್ನು ನೆಟ್ಟಗೆ ಹಿಡಿಯುವ ಪಟ್ಟಿಯನ್ನು (ಔಷಧದ ಅಂಗಡಿಯಲ್ಲಿ ಸ್ಪ್ಲಿಂಟ್ ಎಂದು ಕೇಳಿರಿ) ಪ್ರತಿ ರಾತ್ರಿಯೂ ಕನಿಷ್ಠ 6 ವಾರ ಕಟ್ಟಿಕೊಳ್ಳಬೇಕು. ಕೆಲವು ಪಟ್ಟಿಗಳೊಳಗಿನ ತಗಡು ಮೇಲಕ್ಕೆ ಬಾಗಿರುತ್ತದೆ. ಅದನ್ನು ನೇರ ಮಾಡಿಸಿಕೊಳ್ಳಿರಿ. ಬೆರಳುಗಳು ಆಡುವಂತಿರಲಿ, ಬಿಗಿ ಅತಿಯಾಗದಿರಲಿ.

ಮಣಿಕಟ್ಟಿನಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು ಇನ್ನೊಂದು ಉಪಚಾರ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪರೀಕ್ಷೆಯಲ್ಲಿ 234 ರೋಗಿಗಳನ್ನು ನೋಡಲಾಗಿ, 6 ವಾರಗಳ ಹೊತ್ತಿಗೆ ರಾತ್ರಿಯ ಪಟ್ಟಿಗಿಂತ ಚುಚ್ಚುಮದ್ದೇ ಮೇಲೆನಿಸಿತು. 6 ತಿಂಗಳಿಗೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಸಿಹಿಮೂತ್ರದವರಿಗೆ ಇದರಿಂದ ಕೆಲವು ದಿನ ರಕ್ತದ ಸಕ್ಕರೆ ಏರಬಹುದು, ಮೊದಲೇ ವೈದ್ಯರಿಗೆ ತಿಳಿಸಬೇಕು. ನೋವಿನ ಗುಳಿಗೆಗಳಿಂದ ಈ ವ್ಯಾಧಿಗೆ ಹೆಚ್ಚಿನ ಪ್ರಯೋಜನವಿಲ್ಲ. ಎಣ್ಣೆಯ ತಿಕ್ಕುವಿಕೆ ಹಿತವೆನಿಸಿದರೆ ಬೇಡವೆನ್ನೆನು, ಆದರೆ ಅದು ನರದ ಒತ್ತಡವನ್ನು ತೆಗೆಯದು.

ಹೆಬ್ಬೆರಳಿನ ಬುಡದ ಮಾಂಸ ತಗ್ಗಿದರೆ, ಕುಪ್ಪಸದ ಗುಂಡಿ ಹಾಕಲು ಬಾರದಾದರೆ, ಹಗಲಿರುಳೂ ಸ್ಪರ್ಶ ತಿಳಿಯದಾದರೆ ಪಟ್ಟಿಯನ್ನು ನಂಬಿ ಕುಳಿತಿರಲಾಗದು. ಆಗ ನರದ ಪರೀಕ್ಷೆ ಮಾಡಿಸಿ ಶಸ್ತ್ರವೈದ್ಯರನ್ನು ಕಾಣಬೇಕು. ಕೈಯನ್ನಷ್ಟೇ ಮರಗಟ್ಟಿಸಿ ಆ ಬಿಗಿಪಟ್ಟಿಯನ್ನು ಬಿಡಿಸುವ ಚಿಕ್ಕ ಶಸ್ತ್ರಕ್ರಿಯೆಯದು. ಬಹುತೇಕರು ಅದೇ ದಿನ ಮನೆಗೆ ಮರಳುತ್ತಾರೆ.