ಹೊಸ ನೆನಪೇ ಉಳಿಯದ ಮನುಷ್ಯ

ಐದು ನಿಮಿಷದ ಹಿಂದೆ ಮಾತಾಡಿದವರೂ ಈತನಿಗೆ ಅಪರಿಚಿತರು!

1953, ಅಮೆರಿಕ. ಮೂರ್ಛೆರೋಗ ತಡೆಯಲು 27 ವರ್ಷದ ಹೆನ್ರಿ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ವೈದ್ಯರು ತೆಗೆದರು. ಮೂರ್ಛೆ ತಗ್ಗಿತು. ಆದರೆ ಹೊಸ ನೆನಪು ನಿಲ್ಲಲಿಲ್ಲ. ಬಾಲ್ಯದಂಥ ಹಳೆಯ ನೆನಪು ಉಳಿಯಿತು.

ಯಾಕೆ? ಹೊಸ ಅನುಭವವನ್ನು ಮೊದಲು ಹೆಣೆದು ಹಿಡಿಯುವುದು ಹಿಪೊಕ್ಯಾಂಪಸ್. ಕಾಲ ಕಳೆದಂತೆ ನರಕೋಶಗಳ ನಡುವಿನ ಕೊಂಡಿಗಳು ಬಲವಾಗಿ, ನೆನಪು ಮಿದುಳಿನ ಹೊರಪದರ ಕಾರ್ಟೆಕ್ಸ್‌ನಲ್ಲಿ ಬೇರೂರುತ್ತದೆ.

ಇನ್ನೊಂದು ಅಚ್ಚರಿ ಕೇಳಿ. ಕನ್ನಡಿ ನೋಡಿಕೊಂಡು ನಕ್ಷತ್ರ ಬಿಡಿಸುವ ಪರೀಕ್ಷೆಯನ್ನು ಹೆನ್ರಿಗೆ ಕೊಟ್ಟರು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್. ಹೆನ್ರಿ ದಿನೇದಿನೇ ಪಳಗಿದರು. ಹಿಂದಿನ ದಿನ ಬಿಡಿಸಿದ್ದೇ ನೆನಪಿಲ್ಲ! ಕೈಗೆ ರೂಢಿಯಾಗುವ ಕಲಿಕೆಗೆ ಮಿದುಳಿನಲ್ಲಿ ದಾರಿಯೇ ಬೇರೆ.

ಇನ್ನು, ನೀವು ಓದಿದ್ದು ಕಾರ್ಟೆಕ್ಸ್‌ನಲ್ಲಿ ಬೇರೂರಿ ಉಳಿಯಬೇಕಾ? ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ. ನಿದ್ದೆಯಲ್ಲೂ ನೆನಪು ಗಟ್ಟಿಯಾಗುತ್ತದೆ.