ಪಡಸಾಲೆಗೆ ಒಗ್ಗುವ ಸ್ಪೀಕರ್

ಸ್ಟೀರಿಯೊ ಒಂದು ಬಗೆಯ ಕಣ್ಕಟ್ಟು, ಕಿವಿಗೆ ಮಾಡುವಂಥದ್ದು. ಎರಡು ಸ್ಪೀಕರ್‌ಗಳ ನಡುವೆ ಬರೀ ಗೋಡೆ ಇರುತ್ತದೆ. ಕೇಳುವವನಿಗೆ ಮಾತ್ರ ಅಲ್ಲೇ ಗಾಯಕ ಕೂತಂತೆ, ಪಕ್ಕದಲ್ಲಿ ತಬಲಾ ಇದ್ದಂತೆ ಅನಿಸುತ್ತದೆ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. ಈ ಕಣ್ಕಟ್ಟು ಕೂಡಿಬರಲು ಸ್ಪೀಕರ್ ಎಷ್ಟು ಮುಖ್ಯವೋ ಅದು ಇರುವ ಕೋಣೆಯೂ ಅಷ್ಟೇ ಮುಖ್ಯ. ಆದ್ದರಿಂದ ದುಬಾರಿ ಸ್ಪೀಕರ್ ಕೊಳ್ಳಹೊರಟವರು ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ತಮ್ಮ ಹಾಲ್ ಅಳೆಯಬೇಕು.

ಹುಬ್ಬಳ್ಳಿ-ಧಾರವಾಡದಲ್ಲಿ ಎರಡು ಬಗೆಯ ಹಾಲ್‌ಗಳಿವೆ. ಹಳೆಯ ಓಣಿಗಳ ಮನೆಗಳಲ್ಲಿ ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಮಂಗಳೂರು ಹೆಂಚು ಇಲ್ಲವೆ ಮಣ್ಣಿನ ಮೇಲ್ಮುದ್ದೆ. ಹೆಂಚಿನ ಮಾಡು ಇಳಿಜಾರಾಗಿರುವುದರಿಂದ ಅದಕ್ಕೂ ನೆಲಕ್ಕೂ ನಡುವೆ ಧ್ವನಿ ಸಿಕ್ಕಿಕೊಂಡು ಕುಣಿಯುವುದಿಲ್ಲ. ಒಂದಷ್ಟು ಸಂದುಗಳಿಂದ ಹೊರಗೂ ಹೋಗುತ್ತದೆ. ಇಂಥ ಪಡಸಾಲೆ ಸಂಗೀತಕ್ಕೆ ಒಳ್ಳೆಯದು, ಕಟ್ಟಿದವರು ಸಂಗೀತವನ್ನು ಎಣಿಸಿರಲಿಲ್ಲವಾದರೂ. ಹೊಸ ಬಡಾವಣೆಗಳ ಮನೆ, ಅಪಾರ್ಟ್‌ಮೆಂಟ್‌ಗಳ ಕಥೆ ಬೇರೆ. ವಿಟ್ರಿಫೈಡ್ ಟೈಲ್ಸ್ ನೆಲ, ಕಾಂಕ್ರೀಟ್ ಛತ್ತು, ದೊಡ್ಡ ಗಾಜಿನ ಕಿಟಕಿ, ನುಣುಪು ಗೋಡೆ, ಎಲ್ಲವೂ ಧ್ವನಿಯನ್ನು ಚೆಂಡಿನಂತೆ ಹಿಂದಕ್ಕೆ ಎಸೆಯುತ್ತವೆ. ಹಾಲ್‌ನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಗೊತ್ತಾಗುತ್ತದೆ. ಸದ್ದು ತಟ್ಟನೆ ನಿಂತರೆ ಒಳ್ಳೆಯದು. ಹಿಂದೆಯೇ ಸಣ್ಣಗೆ ಟರ್ರ್ ಎಂದು ಬಾಲ ಎಳೆದರೆ, ಎದುರುಬದುರು ಗೋಡೆಗಳು ಧ್ವನಿಯನ್ನು ಹಿಡಿದು ಆಡಿಸುತ್ತಿವೆ ಎಂದರ್ಥ. ಅಂಥ ಕೋಣೆಯಲ್ಲಿ ಎಂಥ ಸ್ಪೀಕರ್ ಆದರೂ ಕರ್ಕಶವಾಗಿಯೇ ಕೇಳುತ್ತದೆ.

ತಗ್ಗಿನ ಸ್ವರಗಳದ್ದು ಇನ್ನೊಂದು ತೊಡಕು. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ ಸಂಖ್ಯೆಯನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ತಾನಾಗಿಯೇ ಗುಂಯ್‌ಗುಡುವ ಮೊದಲ ಸ್ವರ ಸಿಗುತ್ತದೆ. 15 ಅಡಿ ಉದ್ದಕ್ಕೆ ಅದು 37 ಹರ್ಟ್ಸ್ ಆಸುಪಾಸು, 12 ಅಡಿ ಅಗಲಕ್ಕೆ 47, 10 ಅಡಿ ಎತ್ತರಕ್ಕೆ 56. ಮೂರೂ ಬೇರೆ ಬೇರೆಯಾಗಿದ್ದರೆ ಗದ್ದಲ ಹಂಚಿಹೋಗುತ್ತದೆ. 12ಕ್ಕೆ 12 ಅಡಿಯ ಚೌಕದ ಹಾಲ್‌ನಲ್ಲಿ ಎರಡು ದಿಕ್ಕಿನ ಸ್ವರವೂ ಒಂದೇ ಕಡೆ ಬಂದು ಬೀಳುವುದರಿಂದ ಡಗ್ಗಾದ ಒಂದೊಂದು ಪೆಟ್ಟೂ ಊದಿಕೊಳ್ಳುತ್ತದೆ. ಚೌಕ ಹಾಲ್ ಇದ್ದವರು ತಗ್ಗಿನ ಸ್ವರ ನುಡಿಸುವ ದೊಡ್ಡ ವೂಫರ್ ಆಸೆ ಬಿಡುವುದೇ ಲೇಸು.

ಮೇಲಿನ ಸ್ವರಗಳ ಪ್ರತಿಫಲನಕ್ಕೆ ಮದ್ದು ಮನೆಯ ಟ್ರಂಕಿನಲ್ಲೇ ಇದೆ. ಧಾರವಾಡ ಜಿಲ್ಲೆಯದೇ ಆದ ನವಲಗುಂದದ ಜಮಖಾನೆಯನ್ನು ಸ್ಪೀಕರ್‌ಗೂ ಕೂರುವ ಜಾಗಕ್ಕೂ ನಡುವೆ ಹಾಸಿದರೆ ನೆಲದಿಂದ ಪುಟಿದು ಬರುವ ಚೂಪು ಸದ್ದು ತಗ್ಗುತ್ತದೆ. ಒಂದನ್ನು ಮಡಚಿ ಎರಡು ಪದರ ಮಾಡಿದರೆ ಇನ್ನೂ ಒಳ್ಳೆಯದು. ಅಜ್ಜಿ ಹೊಲಿದ ಕೌದಿಯನ್ನು ಪಕ್ಕದ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ತೂಗುಹಾಕಿದರೆ, ಪೇಟೆಯಲ್ಲಿ ಸಾವಿರಗಟ್ಟಲೆ ಬೆಲೆಗೆ ಮಾರುವ ಫೋಮ್ ಹಲಗೆಗಿಂತ ಅದು ಕಡಿಮೆಯೇನಲ್ಲ, ನೋಡಲೂ ಚೆಂದ. ಆದರೆ ಕೌದಿ, ಜಮಖಾನೆಗಳಿಗೆ ತಗ್ಗಿನ ಸ್ವರ ಬಗ್ಗದು. 100 ಹರ್ಟ್ಸ್‌ನ ಅಲೆ ಮೂರೂವರೆ ಮೀಟರ್ ಉದ್ದ. ಒಂದಿಂಚಿನ ಬಟ್ಟೆ ಅದಕ್ಕೆ ಲೆಕ್ಕವೇ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಸ್ಪೀಕರ್‌ನ ಗಾತ್ರ ಮತ್ತು ಅದನ್ನು ಇಡುವ ಜಾಗ.

ಕೋಣೆಯ ನಂತರ ಬರುವ ಪ್ರಶ್ನೆ, ಆ ಮನೆಯಲ್ಲಿ ಯಾವ ಸಂಗೀತ ಕೇಳುತ್ತಾರೆ ಎಂಬುದು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಅವರ ಸೀಮೆಯಲ್ಲಿ ಉತ್ತರ ಬಹುಮಟ್ಟಿಗೆ ಕಂಠ. ಗಂಡು ಗಾಯಕನ ಷಡ್ಜ ಕರಿ ಒಂದರಲ್ಲಿ ಇದ್ದರೆ ಅದು ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, 69. ಒಂದು ಸ್ಪೀಕರ್ 60 ಹರ್ಟ್ಸ್‌ವರೆಗೆ ಗಟ್ಟಿಯಾಗಿ ಇಳಿದರೆ ಖಯಾಲ್ ಗಾಯನಕ್ಕೆ ಧಾರಾಳ ಸಾಕು. 30 ಹರ್ಟ್ಸ್‌ಗೆ ಇಳಿಯುವ ಆಳೆತ್ತರದ ಪೆಟ್ಟಿಗೆಗೆ ಕೊಡುವ ಹೆಚ್ಚಿನ ಹಣ ಸಿನಿಮಾದ ಸ್ಫೋಟಗಳಿಗೆ, ಪಾಶ್ಚಾತ್ಯ ಆರ್ಗನ್ನಿಗೆ ಹೋದಂತೆ. ತಂಬೂರಿಯ ನಿಜವಾದ ಪರೀಕ್ಷೆ ಖರ್ಜದಲ್ಲಿಲ್ಲ, ಜವಾರಿಯಲ್ಲಿದೆ. (ಜವಾರಿ ಕೋಳಿ, ಜವಾರಿ ಬೀಜ ಎನ್ನುವ ಉತ್ತರ ಕರ್ನಾಟಕದ ಮಾತಿಗೂ ಇದಕ್ಕೂ ಹೆಸರಷ್ಟೇ ಒಂದು.) ಕುದುರೆ ಮತ್ತು ತಂತಿಯ ನಡುವೆ ಸಿಕ್ಕಿಸಿದ ದಾರದಿಂದ ಏಳುವ ಆ ಝೇಂಕಾರದಲ್ಲಿ ಉಪಸ್ವರಗಳು ಸಾವಿರಾರು ಹರ್ಟ್ಸ್‌ವರೆಗೆ ಮೆಟ್ಟಿಲುಮೆಟ್ಟಿಲಾಗಿ ಹತ್ತುತ್ತವೆ. ಕೆಟ್ಟ ಸ್ಪೀಕರ್‌ನಲ್ಲಿ ಅದು ಜೇನುನೊಣದ ಗುಂಯ್ ಆಗುತ್ತದೆ. ಒಳ್ಳೆಯದರಲ್ಲಿ ಒಂದೊಂದು ತಂತಿಯೂ ಬೇರೆ ಕೇಳಿಸುತ್ತದೆ.

ಇಲ್ಲಿನ ರಸಿಕರು ಆಸೆಪಡುವ ಧ್ವನಿಮುದ್ರಣಗಳಲ್ಲಿ ಬಹಳಷ್ಟು ಹಳೆಯವು. ಗಂಗೂಬಾಯಿಯವರ ಮೊದಲ ಗ್ರಾಮಫೋನ್ ತಟ್ಟೆಗಳು 1930ರ ದಶಕದವು. 78 ವೇಗದ ಆ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರಲ್ಲಿ; ಆ ಕಾಲದ ರೇಡಿಯೊ ಮುದ್ರಣಗಳೆಲ್ಲ ಒಂದೇ ವಾಹಿನಿಯ ಮೊನೊ. ತಾರಸ್ವರವನ್ನು ಎತ್ತಿ ತೋರಿಸಿ ಅಂಗಡಿಯಲ್ಲಿ ‘ಎಷ್ಟು ಸ್ಪಷ್ಟ!’ ಎನ್ನಿಸುವ ಸ್ಪೀಕರ್ ಇಂಥ ಮುದ್ರಣದಲ್ಲಿ ಸುಯ್ ಎನ್ನುವ ಟೇಪಿನ ಸದ್ದನ್ನೇ ಮುಂದೆ ತಂದು ನಿಲ್ಲಿಸುತ್ತದೆ. ಅರ್ಧ ಗಂಟೆ ಕೇಳುವಷ್ಟರಲ್ಲಿ ತಲೆ ಭಾರವಾಗುತ್ತದೆ.

ಕಂಠಕ್ಕೆಂದೇ ಹದಗೊಳಿಸಿದ ಸ್ಪೀಕರ್‌ಗೆ ಪ್ರಸಿದ್ಧ ಉದಾಹರಣೆ 1970ರ ದಶಕದಲ್ಲಿ ಬಿಬಿಸಿ ರೂಪಿಸಿದ ಎಲ್‌ಎಸ್3/5ಎ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಉದ್ಘೋಷಕನ ದನಿ ಸಹಜವಾಗಿದೆಯೇ ಎಂದು ತಿಳಿಯಲು ಮಾಡಿದ್ದು; ಸುಮಾರು ಒಂದಡಿ ಎತ್ತರದ ಪೆಟ್ಟಿಗೆ. ಅದರ ತಳಿಯ ಸ್ಪೀಕರ್‌ಗಳನ್ನು ಹಲವು ಕಂಪನಿಗಳು ಇಂದಿಗೂ ಮಾಡುತ್ತವೆ. 1957ರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಕೂಡ ಕಂಠಕ್ಕೆ ಹೆಸರಾದದ್ದು. ಆದರೆ ತೆಳು ಹಾಳೆಯನ್ನು ಅಧಿಕ ವೋಲ್ಟೇಜಿನಲ್ಲಿ ಅಲುಗಿಸುವ ಆ ಬಗೆ ಧೂಳಿನ ಊರಿಗೆ ಹೇಳಿದ್ದಲ್ಲ. 12ಕ್ಕೆ 15 ಅಡಿಯ ಹಾಲ್‌ಗೆ ಐದರಿಂದ ಆರೂವರೆ ಇಂಚು ವೂಫರ್‌ನ, ಸ್ಟ್ಯಾಂಡ್ ಮೇಲೆ ಕೂರಿಸುವ ಎರಡು ದಾರಿಯ (ಟು-ವೇ) ಬುಕ್‌ಶೆಲ್ಫ್ ಸ್ಪೀಕರ್ ಸರಿಯಾದ ಆಯ್ಕೆ. ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರ್ 20 ಅಡಿಗೂ ಉದ್ದದ, ಊಟದ ಕೋಣೆಯತ್ತ ತೆರೆದುಕೊಂಡ ಹಾಲ್‌ಗಳಿಗೆ.

ಸ್ಪೀಕರ್‌ನ ವಿವರಪಟ್ಟಿಯಲ್ಲಿ ಎರಡು ಅಂಕಿ ನೋಡಿದರೆ ಸಾಕು. ಒಂದು ಸಂವೇದಿತೆ (ಸೆನ್ಸಿಟಿವಿಟಿ), ಡೆಸಿಬಲ್‌ನಲ್ಲಿ. 84 ಡೆಸಿಬಲ್‌ನ ಸ್ಪೀಕರ್ 90ರದ್ದರಷ್ಟು ಜೋರಾಗಿ ನುಡಿಯಬೇಕಾದರೆ ನಾಲ್ಕು ಪಟ್ಟು ವಾಟ್ ಬೇಕು. ಅಲ್ಲಿ 10 ವಾಟ್ ಸಾಕಾದರೆ ಇಲ್ಲಿ 40. ಇನ್ನೊಂದು ತಡೆ (ಇಂಪೀಡೆನ್ಸ್), ಓಮ್‌ನಲ್ಲಿ. ನಾಲ್ಕು ಓಮ್‌ನ ಸ್ಪೀಕರ್‌ಗೆ ದುರ್ಬಲ ಆಂಪ್ಲಿಫೈಯರ್ ಜೋಡಿಸಿ ದನಿ ಏರಿಸಿದರೆ ಅಲೆಯ ತುದಿ ಕತ್ತರಿಸಿಹೋಗಿ, ಕೊನೆಗೆ ಮೇಲಿನ ಸ್ವರ ನುಡಿಸುವ ಟ್ವೀಟರ್ ಸುಟ್ಟುಹೋಗಬಹುದು. ‘ಸಾವಿರ ವಾಟ್’ ಎಂಬ ಡಬ್ಬದ ಮೇಲಿನ ಬರಹಕ್ಕೆ ಬೆಲೆಯಿಲ್ಲ. ದುಬಾರಿ ವೈರ್‌ಗೂ ಅಷ್ಟೇ. ಮನೆ ವೈರಿಂಗಿಗೆ ಬಳಸುವ 2.5 ಚದರ ಮಿ.ಮೀ. ತಾಮ್ರದ ತಂತಿ ಐದು ಮೀಟರ್ ದೂರಕ್ಕೆ ಹೋಗಿಬರುವಾಗ ಒಡ್ಡುವ ತಡೆ 0.07 ಓಮ್, ಎಂಟು ಓಮ್ ಎದುರು ಅದು ಶೇ. 1ರಷ್ಟೂ ಅಲ್ಲ.

ಹವೆಯನ್ನೂ ಗಮನಿಸಬೇಕು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಮಳೆಗಾಲದ ತೇವ, ಹುಬ್ಬಳ್ಳಿಯ ಬೇಸಿಗೆಯ ಧೂಳು ಎರಡೂ ಸ್ಪೀಕರ್‌ಗೆ ಆಗದವು. ಕೋನ್ ಅಂಚಿನ ಸುತ್ತುಪಟ್ಟಿ ಫೋಮಿನದಾಗಿದ್ದರೆ ಹತ್ತು ಹದಿನೈದು ವರ್ಷದಲ್ಲಿ ಪುಡಿಯಾಗಿ ಉದುರುತ್ತದೆ. ರಬ್ಬರಿನದು ಬಹುಕಾಲ ಬಾಳುತ್ತದೆ. ಹಳೆಯ ಸ್ಪೀಕರ್ ಕೊಳ್ಳುವವರು ಜಾಲರಿ ತೆಗೆಸಿ ಇದನ್ನೇ ಮೊದಲು ನೋಡಬೇಕು.

ಇಡುವ ಜಾಗದಲ್ಲಿಯೇ ಹೆಚ್ಚಿನವರು ಎಡವುವುದು. ಟಿವಿ ಶೋಕೇಸಿನ ಗೂಡಿನಲ್ಲಿ ತುರುಕಿದ ಸ್ಪೀಕರ್ ಮಡಕೆಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಮೂಲೆಗೆ ಒತ್ತಿದರೆ ಎರಡು ಗೋಡೆಗಳೂ ಸೇರಿ ತಗ್ಗಿನ ಸ್ವರವನ್ನು ಉಬ್ಬಿಸುತ್ತವೆ. ಎರಡು ಸ್ಪೀಕರ್ ಮತ್ತು ಕೇಳುವವನ ತಲೆ ಸಮಭುಜ ತ್ರಿಕೋನದ ಮೂರು ಮೂಲೆಗಳಾಗಬೇಕು; ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ನೆಲದಲ್ಲಿ ಜಮಖಾನೆ ಮೇಲೆ ಕೂತು ಕೇಳುವ ಮನೆಯಲ್ಲಿ ಸೋಫಾಕ್ಕೆಂದು ಮಾಡಿದ ಸ್ಟ್ಯಾಂಡ್ ಎತ್ತರವಾಗುತ್ತದೆ, ಗಿಡ್ಡದ್ದು ಮಾಡಿಸಬೇಕು. ಹಿಂಭಾಗದಲ್ಲಿ ಗಾಳಿಕಿಂಡಿ ಇರುವ ಪೆಟ್ಟಿಗೆ ಗೋಡೆಯಿಂದ ಎರಡಡಿಯಾದರೂ ಮುಂದೆ ಬರಬೇಕು. ಅಷ್ಟು ಜಾಗ ಬಿಡಲು ಮನೆಯವರು ಒಪ್ಪದಿದ್ದರೆ ಕಿಂಡಿಯಿಲ್ಲದ ಮುಚ್ಚುಪೆಟ್ಟಿಗೆಯ ಮಾದರಿಯನ್ನೇ ಕೊಳ್ಳುವುದು ಜಾಣತನ.

ಕೊನೆಯ ತೀರ್ಪು ಕಿವಿಯದು, ಆದರೆ ಕಣ್ಣು ಅದನ್ನು ಕೆಡಿಸುತ್ತದೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರದೆಯ ಹಿಂದಿನ ಸ್ಪೀಕರ್‌ಗೆ ಕೇಳುಗರು ಕೊಟ್ಟ ಅಂಕ ಪರದೆ ಸರಿದು ಗಾತ್ರ, ಹೆಸರು ಕಂಡೊಡನೆ ಬದಲಾಯಿತು. ಬೆಂಗಳೂರಿಗೋ ಪುಣೆಗೋ ನಾನೂರು ಕಿ.ಮೀ. ಹೋಗಿ ಕೇಳಿ ಕೊಳ್ಳುವವರು ಅಂಗಡಿಯ ಮಾದರಿ ಹಾಡುಗಳನ್ನು ಬದಿಗಿರಿಸಿ ತಾವು ಬಲ್ಲ ಮುದ್ರಣಗಳನ್ನೇ ಒಯ್ಯಬೇಕು, ಎರಡು ಜೋಡಿಗಳನ್ನು ಹೋಲಿಸುವಾಗ ದನಿಯ ಮಟ್ಟ ಒಂದೇ ಇರುವಂತೆ ನೋಡಿಕೊಳ್ಳಬೇಕು. ತುಸು ಜೋರಾದದ್ದು ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಒಯ್ಯುವ ಮುದ್ರಣಗಳಲ್ಲಿ ಮನ್ಸೂರರ ಹಳೆಯ ಮೊನೊ ಒಂದು ಇರಲಿ. ಮೊನೊದಲ್ಲಿ ಎರಡೂ ಸ್ಪೀಕರ್ ಒಂದನ್ನೇ ನುಡಿಯುವುದರಿಂದ ದನಿ ನಟ್ಟನಡುವೆ ಒಂದು ತಲೆಯಷ್ಟೇ ಜಾಗದಲ್ಲಿ ನಿಲ್ಲಬೇಕು. ಗೋಡೆಯಗಲ ಹರಡಿಕೊಂಡರೆ ಇಲ್ಲವೆ ಒಂದು ಬದಿಗೆ ವಾಲಿದರೆ, ಎಡ-ಬಲದ ಪೆಟ್ಟಿಗೆಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಬೇಕು. ವಾಲುವ ಬದಿಯೂ ಅದರ ಜೊತೆ ಬದಲಾದರೆ ತಪ್ಪು ಕೋಣೆಯದಲ್ಲ, ಜೋಡಿಯದು. ಆ ಜೋಡಿ ಬೇಡ.