ಕೋನಪ್ಪನ ಅಗ್ರಹಾರದ ಪರದೇಶಿ ವಿದ್ಯಾರ್ಥಿಗಳು

ವಿದ್ಯೆಗಾಗಿ ಕಡಲು ದಾಟುವವರು ನಮ್ಮ ಮಕ್ಕಳೇ ಎಂಬುದು ವಾಡಿಕೆಯ ಮಾತು. ಬೆಂಗಳೂರಿನ ದಕ್ಷಿಣದ ಅಂಚನ್ನು ಕಂಡವರಿಗೆ ಅದು ಅರ್ಧಸತ್ಯವೆಂದು ತಿಳಿಯುತ್ತದೆ.

ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಮುಂದೆ ಅಲ್ಲಿ ನೆಲೆಯೂರಿದ ಇನ್ಫೋಸಿಸ್, 1999ರಲ್ಲಿ ‘ಇನ್‌ಸ್ಟೆಪ್’ ಯೋಜನೆಯನ್ನು ಆರಂಭಿಸಿ, ಹೊರದೇಶಗಳ ವಿಶ್ವವಿದ್ಯಾನಿಲಯಗಳ ತರುಣ ತರುಣಿಯರನ್ನು ತರಬೇತಿಗೆ ಬರಮಾಡಿಕೊಂಡಿತು. ಅವರಿಗೆ ಭತ್ಯವೂ ಉಂಟು, ವಸತಿಯೂ ಉಂಟು. ನಮ್ಮ ಎಷ್ಟೋ ಮನೆಗಳಾದರೋ ಸಾಲದ ಹೊರೆ ಹೊತ್ತೇ ಮಗನನ್ನು ವಿದೇಶಕ್ಕೆ ಕಳುಹಿಸುತ್ತವೆ.

ಆದರೂ ಇಬ್ಬರ ಪರೀಕ್ಷೆಯೂ ಒಂದೇ. ಆವರಣದೊಳಗೆ ಇಂಗ್ಲಿಷೊಂದೇ ಸಾಕು. ಗೇಟಿನಾಚೆಯ ಅಂಗಡಿಯಲ್ಲಿ ‘ಎಷ್ಟು?’ ಎಂದು ಕನ್ನಡದಲ್ಲಿ ಕೇಳಬಲ್ಲವನೇ ಈ ನಾಡನ್ನು ಕಂಡವನು. ಜರ್ಮನಿಗೆ ಹೊರಟ ಮಗನಿಗೆ ತಾಯಿತಂದೆಗಳು ಕಟ್ಟಿಕೊಡಬೇಕಾದ ಬುತ್ತಿಯೂ ಇದೇ: ಪದವಿಯೊಡನೆ ಆ ಊರಿನ ನುಡಿಯನ್ನೂ ಗಳಿಸಿಕೊಂಡು ಬಾ.